ವಿಚಾರಣೆಯಿಲ್ಲದ ತೀರ್ಪು: ೧೮೩೧ರ ಹಿಂದೂ ಕಾಲೇಜಿನ ವಿವಾದ

೧

ಸಾರ್ವಜನಿಕ ದ್ರವ್ಯದಿಂದ ನಡೆಯುವ ಪಾಠಶಾಲೆಯಲ್ಲಿ ಬಾಲಕರಿಗೆ ಕಲಿಸತಕ್ಕುದು ಹಿರಿಯರು ನಿಶ್ಚಯಿಸಿಟ್ಟ ತತ್ತ್ವಗಳನ್ನೋ, ಅಥವಾ ಎಂತಹ ತತ್ತ್ವವನ್ನಾದರೂ ಒರೆಗೆ ಹಚ್ಚಿ ನೋಡುವ ವಿಮರ್ಶಬುದ್ಧಿಯನ್ನೋ ಎಂಬ ಪ್ರಶ್ನೆಯು ಇಂದು ನೆನ್ನೆ ಹುಟ್ಟಿದುದಲ್ಲ. ೨೦೧೨ನೆಯ ಇಸವಿಯಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ರಿಪಬ್ಲಿಕನ್ ಪಕ್ಷದವರು ತಮ್ಮ ಧ್ಯೇಯಪತ್ರದಲ್ಲಿ, ವಿಮರ್ಶೆಯ ಕೌಶಲವನ್ನು ಕಲಿಸುವ ಪಾಠಕ್ರಮಗಳು ವಿದ್ಯಾರ್ಥಿಗಳ ಸ್ಥಿರವಾದ ನಂಬಿಕೆಗಳನ್ನು ಕದಲಿಸಿ ತಾಯಿತಂದೆಗಳ ಅಧಿಕಾರವನ್ನು ಕುಗ್ಗಿಸುವ ಉದ್ದೇಶವುಳ್ಳವೆಂದು ಹೇಳಿ ಅವುಗಳನ್ನು ವಿರೋಧಿಸಿದರು. ಇದು ಹಾಸ್ಯಕ್ಕೂ ಖಂಡನೆಗೂ ಗುರಿಯಾದ ಬಳಿಕ, ಆ ಮಾತು ಕೈತಪ್ಪಿನಿಂದ ಉಳಿದುಕೊಂಡಿತೆಂದು ಪಕ್ಷದ ವಕ್ತಾರರು ಸಮಾಧಾನ ಹೇಳಿದರು. ಅಲ್ಲಿ ಎತ್ತಿದ ಆಕ್ಷೇಪಗಳು ಎರಡು: ನಂಬಿಕೆ ಕದಲುತ್ತದೆ ಎಂಬುದೊಂದು; ತಾಯಿತಂದೆಗಳ ಮಾತಿಗೆ ಬೆಲೆ ತಪ್ಪುತ್ತದೆ ಎಂಬುದು ಇನ್ನೊಂದು. ಇವೆರಡೂ ಅದಕ್ಕೆ ೧೮೧ ವರ್ಷಗಳ ಹಿಂದೆ ನಮ್ಮ ದೇಶದ ಕಲ್ಕತ್ತಾ ನಗರದಲ್ಲಿ, ಹೆಚ್ಚು ಕಡಮೆ ಇದೇ ಕ್ರಮದಲ್ಲಿ, ಒಬ್ಬ ಉಪಾಧ್ಯಾಯನ ಮುಂದೆ ಲಿಖಿತವಾದ ಪ್ರಶ್ನೆಗಳ ರೂಪದಿಂದ ಇಡಲ್ಪಟ್ಟಿದ್ದುವು.

ಆ ಉಪಾಧ್ಯಾಯನು ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ. ಆತನ ಹೆಸರನ್ನು ವಂಗದೇಶದ ನವೋದಯದ ಪ್ರಸ್ತಾವ ಬಂದಾಗಲೆಲ್ಲ ಕೇಳುತ್ತೇವೆ. ಆದರೆ ಆತನನ್ನು ಕೆಲಸದಿಂದ ತೆಗೆದ ಸಭೆಯ ನಡವಳಿಯನ್ನು ಅದಕ್ಕೆ ಸಲ್ಲುವಷ್ಟು ಗಮನವಿಟ್ಟು ಓದುವವರು ವಿರಳ. ಆ ನಡವಳಿಯೂ ಡಿರೋಜಿಯೊ ಬರೆದ ಎರಡು ಪತ್ರಗಳೂ ೧೮೮೪ರಲ್ಲಿ ಥಾಮಸ್ ಎಡ್ವರ್ಡ್ಸ್ ಎಂಬಾತನು ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದೊರೆಯುತ್ತವೆ. ಎಡ್ವರ್ಡ್ಸನು ತನ್ನ ನಾಯಕನಲ್ಲಿ ಪಕ್ಷಪಾತವುಳ್ಳವನು. ಡೇವಿಡ್ ಹೇರನ ಚರಿತ್ರೆಯನ್ನು ೧೮೭೭ರಲ್ಲಿ ಬರೆದ ಪ್ಯಾರೀಚಾಂದ ಮಿತ್ರನಾದರೋ ಡಿರೋಜಿಯೊ ಬಳಗದಲ್ಲಿಯೇ ಬೆಳೆದವನು. ಆದುದರಿಂದ ಇವರ ಹೊಗಳಿಕೆಯನ್ನು ಬದಿಗಿರಿಸಿ, ಮೂಲಪತ್ರಗಳು ಹೇಳುವುದನ್ನು ಮಾತ್ರವೇ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಹಿಂದೂ ಕಾಲೇಜು ಸರಕಾರದಿಂದ ಹುಟ್ಟಿದ ಸಂಸ್ಥೆಯಲ್ಲ. ೧೮೧೬ರ ಮೇ ತಿಂಗಳಲ್ಲಿ ಮುಖ್ಯ ನ್ಯಾಯಾಧೀಶನಾದ ಸರ್ ಎಡ್ವರ್ಡ್ ಹೈಡ್ ಈಸ್ಟನ ಮನೆಯಲ್ಲಿ ಕಲ್ಕತ್ತೆಯ ಹಿಂದೂ ಗೃಹಸ್ಥರು ಸಭೆ ಸೇರಿ, ತಮ್ಮ ಮಕ್ಕಳಿಗೆ ಇಂಗ್ಲಿಷು ಭಾಷೆಯನ್ನೂ ದೇಶಭಾಷೆಗಳನ್ನೂ ಯೂರೋಪು ಮತ್ತು ಏಷ್ಯಾ ಖಂಡಗಳ ಸಾಹಿತ್ಯ ಶಾಸ್ತ್ರಗಳನ್ನೂ ಕಲಿಸುವುದಕ್ಕಾಗಿ ಧನಸಂಗ್ರಹ ಮಾಡಿದರು. ೧೮೧೭ನೆಯ ಇಸವಿ ಜನವರಿ ೨೦ನೆಯ ತಾರೀಖು, ೨೦ ಮಂದಿ ವಿದ್ಯಾರ್ಥಿಗಳೊಡನೆ ಪಾಠಶಾಲೆ ಆರಂಭವಾಯಿತು. ರಾಜಾ ರಾಮಮೋಹನ ರಾಯರು ಈ ಸಂಸ್ಥೆಗೆ ಹಿತೈಷಿಗಳಾಗಿದ್ದರೂ, ಅವರ ಧಾರ್ಮಿಕ ಅಭಿಪ್ರಾಯಗಳಿಗೆ ಸಂಪ್ರದಾಯಸ್ಥರು ಬೆದರಿದ್ದರಿಂದ, ಸಂಸ್ಥೆಗೆ ಕೆಡಕಾಗಬಾರದೆಂದು ತಾವಾಗಿಯೇ ಹಿಂದೆ ಸರಿದರು. ಜನಾಭಿಪ್ರಾಯಕ್ಕೆ ಅಂಜಿ ನಡೆಯುವ ಪದ್ಧತಿಯು ಈ ಕಾಲೇಜಿನ ತಳಹದಿಯಲ್ಲಿಯೇ ಸೇರಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕೆಲವು ವರ್ಷಗಳೊಳಗೆ ಹಣದ ಮುಗ್ಗಟ್ಟು ಒದಗಿತು. ಸಂಚಾಲಕರು ಸರಕಾರವನ್ನು ಬೇಡಿದರು. ೧೮೧೩ರ ಸನ್ನದಿನಲ್ಲಿ ವಿದ್ಯಾಭಿವೃದ್ಧಿಗಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ತೆಗೆದಿರಿಸಬೇಕೆಂದು ವಿಧಿಸಿತ್ತು. ಅದನ್ನು ವಿನಿಯೋಗಿಸಲು ೧೮೨೩ರಲ್ಲಿ ಸಾರ್ವಜನಿಕ ಶಿಕ್ಷಣ ಸಮಿತಿಯೊಂದು ಏರ್ಪಟ್ಟಿತ್ತು. ಸಮಿತಿಯವರು ಸಹಾಯವನ್ನು ಕೊಟ್ಟು, ಅದರೊಡನೆ ಮೇಲ್ವಿಚಾರಣೆಯ ಹಕ್ಕನ್ನೂ ಪಡೆದರು. ಅವರ ಪ್ರತಿನಿಧಿಯಾಗಿ ಬಂದವನು ಮೇಘದೂತವನ್ನು ಇಂಗ್ಲಿಷಿಗೆ ತಂದ ಸಂಸ್ಕೃತಪಂಡಿತ ಹೊರೇಸ್ ಹೇಮನ್ ವಿಲ್ಸನ್. ಹೀಗೆ ಕಾಲೇಜಿಗೆ ಇಬ್ಬರು ಒಡೆಯರಾದರು: ಮಕ್ಕಳನ್ನೂ ಮೂಲಧನವನ್ನೂ ಒಪ್ಪಿಸಿದ ಗೃಹಸ್ಥರು ಒಬ್ಬರು, ಪ್ರಜೆಗಳ ತೆರಿಗೆಯಿಂದ ಸಹಾಯವಿತ್ತ ಸರಕಾರವು ಇನ್ನೊಬ್ಬರು. ಮುಂದೆ ನಡೆದ ವಿವಾದದ ತಿರುಳು ಈ ಇಬ್ಬಂದಿಯ ಒಡೆತನದಲ್ಲಿಯೇ ಇದೆ.

೩

ಡಿರೋಜಿಯೊ ೧೮೦೯ರಲ್ಲಿ ಕಲ್ಕತ್ತೆಯಲ್ಲಿ ಪೋರ್ಚುಗೀಸ್ ಮೂಲದ ಕುಟುಂಬದಲ್ಲಿ ಹುಟ್ಟಿ, ಡೇವಿಡ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನವನ ಶಾಲೆಯಲ್ಲಿ ಓದಿದನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಕೆಲಕಾಲ ಗುಮಾಸ್ತನಾಗಿಯೂ, ಭಾಗಲ್ಪುರದ ನೀಲಿಯ ಕಾರ್ಖಾನೆಯಲ್ಲಿಯೂ ಇದ್ದು, ಪತ್ರಿಕೆಗಳಿಗೆ ಕವಿತೆಗಳನ್ನು ಬರೆದು ಹೆಸರು ಪಡೆದನು. ಇನ್ನೂ ಇಪ್ಪತ್ತು ತುಂಬದ ಪ್ರಾಯದಲ್ಲಿಯೇ ಹಿಂದೂ ಕಾಲೇಜಿನಲ್ಲಿ ಇಂಗ್ಲಿಷು ಸಾಹಿತ್ಯ ಮತ್ತು ಚರಿತ್ರೆಗಳ ಉಪಾಧ್ಯಾಯನಾದನು. ಅನೇಕ ಶಿಷ್ಯರು ವಯಸ್ಸಿನಲ್ಲಿ ಆತನಿಗಿಂತ ಕೆಲವೇ ವರ್ಷ ಚಿಕ್ಕವರು.

ಪಾಠದ ಗಂಟೆಯಲ್ಲಿ ಮುಗಿಯದ ಮಾತು ಪಾಠದ ಹೊರಗೆ ಮುಂದುವರಿಯಿತು. ೧೮೨೮ರ ಸುಮಾರಿಗೆ ಅಕಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ಸ್ಥಾಪಿತವಾಗಿ, ಮಾಣಿಕತಲದಲ್ಲಿ ಶ್ರೀಕೃಷ್ಣ ಸಿಂಹನ ತೋಟದ ಮನೆಯಲ್ಲಿ ಸೇರತೊಡಗಿತು. ದೈವ ಪುರುಷಕಾರಗಳು, ಸತ್ಯದ ಸ್ವರೂಪ, ದೇಶಾಭಿಮಾನ, ಮೂರ್ತಿಪೂಜೆ, ದೇವರ ಅಸ್ತಿತ್ವಕ್ಕೆ ಪರವಾಗಿಯೂ ವಿರುದ್ಧವಾಗಿಯೂ ಇರುವ ಯುಕ್ತಿಗಳು, ಇವೇ ಚರ್ಚೆಯ ವಿಷಯಗಳು. ೧೮೩೦ರಲ್ಲಿ ವಿದ್ಯಾರ್ಥಿಗಳು ಪಾರ್ಥಿನಾನ್ ಎಂಬ ಪತ್ರಿಕೆಯನ್ನು ಹೊರಡಿಸಿದರು; ಮೊದಲ ಸಂಚಿಕೆಯೇ ಕಡೆಯದಾಗುವಂತೆ ಸಂಚಾಲಕರು ತಡೆದರು. ರಸಿಕಕೃಷ್ಣ ಮಲ್ಲಿಕನೆಂಬ ವಿದ್ಯಾರ್ಥಿಯು ನ್ಯಾಯಸ್ಥಾನದಲ್ಲಿ, ತಾನು ಗಂಗೋದಕದ ಪಾವಿತ್ರ್ಯವನ್ನು ನಂಬುವುದಿಲ್ಲವಾಗಿ ಅದರ ಮೇಲೆ ಪ್ರಮಾಣ ಮಾಡಲಾರೆನೆಂದನೆಂಬ ಸುದ್ದಿ ಊರೆಲ್ಲ ಹಬ್ಬಿತು.

ಕಾಲವೂ ಶಾಂತವಾದುದಾಗಿರಲಿಲ್ಲ. ೧೮೨೯ರ ಡಿಸೆಂಬರಿನಲ್ಲಿ ಬೆಂಟಿಂಕನು ಸಹಗಮನವನ್ನು ನಿಷೇಧಿಸಿದನು. ಅದರ ಮುಂದಿನ ತಿಂಗಳಲ್ಲಿಯೇ ಸಂಪ್ರದಾಯಸ್ಥರು ಧರ್ಮಸಭೆಯನ್ನು ಕಟ್ಟಿದರು. ೧೮೩೦ರ ಮೇ ತಿಂಗಳಲ್ಲಿ ಅಲೆಗ್ಸಾಂಡರ್ ಡಫ್ ಎಂಬ ಮಿಷನರಿ ಬಂದಿಳಿದು ಆ ವರ್ಷವೇ ಶಾಲೆ ತೆರೆದನು. ಒಂದು ಕಡೆ ಸರಕಾರದ ಶಾಸನ, ಒಂದು ಕಡೆ ಪಾದ್ರಿಗಳ ಉಪನ್ಯಾಸ, ಮನೆಯೊಳಗೆ ಮಕ್ಕಳ ತರ್ಕ: ಈ ಮೂರೂ ಒಟ್ಟಿಗೆ ಬಂದಾಗ ಗೃಹಸ್ಥರು ತಲ್ಲಣಿಸಿದುದರಲ್ಲಿ ಸೋಜಿಗವೇನೂ ಇಲ್ಲ. ಬಾಲಕರ ಮತಶ್ರದ್ಧೆಯನ್ನು ಸಡಿಲಿಸುವಂತಹ ಪ್ರಸಂಗಗಳನ್ನು ತಡೆಯಬೇಕೆಂದು ಮುಖ್ಯೋಪಾಧ್ಯಾಯನಿಗೆ ಆಜ್ಞೆಯಾಯಿತು. ರಾಜಕೀಯ ಮತ್ತು ಮತವಿಷಯಕ ಚರ್ಚೆ ನಡೆಯುವ ಕೂಟಗಳಿಗೆ ವಿದ್ಯಾರ್ಥಿಗಳು ಹೋಗಬಾರದೆಂದು ಅಪ್ಪಣೆ ಹೊರಟಿತು. ಸಮಾಚಾರ ಚಂದ್ರಿಕೆಯಂತಹ ಪತ್ರಿಕೆಗಳು ಬೆಂಕಿಗೆ ಗಾಳಿ ಬೀಸಿದುವು.

೪

೧೮೩೧ನೆಯ ಇಸವಿ ಏಪ್ರಿಲ್ ೨೩ನೆಯ ತಾರೀಖು ಸಂಚಾಲಕರ ವಿಶೇಷ ಸಭೆ ಕೂಡಿತು. ಸಭೆಯ ಮುಂದೆ ಬಂದ ಮನವಿಯ ಸಾರಾಂಶವಿದು: ಒಬ್ಬ ಉಪಾಧ್ಯಾಯನ ನಡತೆಯಿಂದ ಬಾಲಕರ ಶೀಲವೂ ಸಮಾಜದ ನೆಮ್ಮದಿಯೂ ಕೆಡುತ್ತಲಿವೆ; ಗೌರವಸ್ಥ ಮನೆತನಗಳ ೨೫ ಮಂದಿ ವಿದ್ಯಾರ್ಥಿಗಳು ಈಗಾಗಲೇ ಕಾಲೇಜನ್ನು ಬಿಟ್ಟಿದ್ದಾರೆ; ೧೬೦ ಮಂದಿ ಗೈರುಹಾಜರಾಗಿದ್ದಾರೆ; ಅವರಲ್ಲಿ ಕೆಲವರು ಕಾಯಿಲೆಯವರಿರಬಹುದಾದರೂ ತಕ್ಕ ಉಪಾಯ ನಡೆಯದಿದ್ದರೆ ಬಿಡಲು ನಿಶ್ಚಯಿಸಿದವರೇ ಬಹುಮಂದಿ. ಪರಿಹಾರಗಳೂ ಸೂಚಿತವಾಗಿದ್ದುವು. ಅನರ್ಥಕ್ಕೆಲ್ಲ ಮೂಲನಾದ ಡಿರೋಜಿಯೊವನ್ನು ತೆಗೆಯಬೇಕು. ಹಿಂದೂ ಧರ್ಮಕ್ಕೂ ಆಚಾರಕ್ಕೂ ಬಹಿರಂಗವಾಗಿ ವಿರೋಧಿಗಳಾದ ವಿದ್ಯಾರ್ಥಿಗಳನ್ನು ಹೊರಗೆ ಹಾಕಬೇಕು. ಖಾಸಗಿ ಉಪನ್ಯಾಸಗಳಿಗೆ ಹೋಗುವುದನ್ನು ನಿಲ್ಲಿಸಬೇಕು. ಓದತಕ್ಕ ಗ್ರಂಥಗಳನ್ನೂ ಅವುಗಳಿಗೆ ಸಲ್ಲುವ ಕಾಲವನ್ನೂ ಗೊತ್ತುಮಾಡಬೇಕು. ಶೀಲಕ್ಕೆ ಹಾನಿಕರವಾದ ಪುಸ್ತಕಗಳು ಕಾಲೇಜಿನೊಳಕ್ಕೆ ಬರಬಾರದು. ಪಾಠಪುಸ್ತಕಗಳನ್ನು ಕುರಿತು ಇಂದು ನಡೆಯುವ ವಿವಾದಗಳನ್ನು ಬಲ್ಲವರಿಗೆ ಈ ಪಟ್ಟಿಯಲ್ಲಿ ಹೊಸದೇನೂ ಕಾಣದು.

ಸಂಚಾಲಕರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಮತಕ್ಕೆ ಹಾಕಿದರು. ಪ್ರಕರಣದ ರಹಸ್ಯವೆಲ್ಲ ಈ ವಿಭಾಗದಲ್ಲಿದೆ. ಮೊದಲನೆಯದು: ಶಿಷ್ಯರ ಮೇಲೆ ಆಗಿರುವ ಪರಿಣಾಮದಿಂದ ತಿಳಿಯಬರುವ ಮಟ್ಟಿಗೆ, ಡಿರೋಜಿಯೊವಿನ ನೀತಿ ಮತ್ತು ಮತವಿಷಯಕ ಅಭಿಪ್ರಾಯಗಳು ಆತನನ್ನು ಬಾಲಕರ ಶಿಕ್ಷಣಕ್ಕೆ ಅನರ್ಹನನ್ನಾಗಿ ಮಾಡುತ್ತವೆಯೆ? ರಾಧಾಕಾಂತ ದೇವನು ಅನರ್ಹನೆಂದನು; ರಾಮಕಮಲ ಸೇನನು ಆತನೊಡನೆ ಸಮ್ಮತಿಸಿದನು; ರಾಧಾಮಾಧವ ಬಂದ್ಯೋಪಾಧ್ಯಾಯನು ತಾನು ಕೇಳಿದ ವರ್ತಮಾನದ ಮೇಲೆ ಅನರ್ಹನೆಂದು ನಂಬಿದನು. ಚಂದ್ರಕುಮಾರ ಠಾಕೂರನೂ ರಸಮಯ ದತ್ತನೂ ತಮಗೆ ತಿಳಿದುದೆಲ್ಲ ಜನರ ಬಾಯಿಮಾತೆಂದರು. ಪ್ರಸನ್ನಕುಮಾರ ಠಾಕೂರನು ಸಾಕ್ಷ್ಯವಿಲ್ಲವಾಗಿ ದೋಷವಿಲ್ಲವೆಂದನು. ಶ್ರೀಕೃಷ್ಣ ಸಿಂಹನು ಅನರ್ಹನೆಂಬ ಮಾತನ್ನು ದೃಢವಾಗಿ ಅಲ್ಲಗಳೆದನು. ವಿಲ್ಸನನೂ ಡೇವಿಡ್ ಹೇರನೂ ಆತನು ಉತ್ತಮ ಸಾಮರ್ಥ್ಯದ ಉಪಾಧ್ಯಾಯನೆಂದು ಸಾಕ್ಷಿ ನುಡಿದರು. ಅಂತೂ ಒಂಬತ್ತು ಮಂದಿಯಲ್ಲಿ ಮೂವರು ಮಾತ್ರವೇ ಅನರ್ಹತೆಯನ್ನು ಹೇಳಿದರು. ಅನರ್ಹನೆಂದು ನಿರ್ಣಯಿಸಲು ಸಭೆಗೆ ಸಾಧ್ಯವಾಗಲಿಲ್ಲ.

ಆಗ ಎರಡನೆಯ ಪ್ರಶ್ನೆ ಬಂತು: ಕಲ್ಕತ್ತೆಯ ಹಿಂದೂ ಜನರ ಮನಸ್ಸು ಈಗಿರುವ ಸ್ಥಿತಿಯಲ್ಲಿ ಡಿರೋಜಿಯೊವನ್ನು ತೆಗೆದುಹಾಕುವುದು ಯುಕ್ತವೆ? ಚಂದ್ರಕುಮಾರ, ರಾಧಾಕಾಂತ, ರಾಮಕಮಲ, ರಾಧಾಮಾಧವ ಈ ನಾಲ್ವರು ಅವಶ್ಯವೆಂದರು. ರಸಮಯನೂ ಪ್ರಸನ್ನಕುಮಾರನೂ ಯುಕ್ತವೆಂದರು. ಶ್ರೀಕೃಷ್ಣ ಸಿಂಹನೊಬ್ಬನೇ ಅನಾವಶ್ಯಕವೆಂದನು. ಹಿಂದೂಗಳ ಮನೋಭಾವಕ್ಕೆ ಮಾತ್ರ ಸೇರಿದ ಪ್ರಶ್ನೆಯಾದ್ದರಿಂದ ತಾವು ಮತ ಕೊಡಲಾರೆವೆಂದು ವಿಲ್ಸನನೂ ಹೇರನೂ ಸುಮ್ಮನಾದರು. ಆತನ ಯೋಗ್ಯತೆಯನ್ನೂ ಸೇವೆಯನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಆತನನ್ನು ತೆಗೆಯತಕ್ಕುದೆಂದು ನಿರ್ಣಯವಾಯಿತು.

ಇಲ್ಲಿ ಪ್ರಸನ್ನಕುಮಾರ ಠಾಕೂರನ ಎರಡು ಮತಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಆತನು ರಾಮಮೋಹನರ ಬಳಗದವನು, ಸುಧಾರಣೆಯ ಪಕ್ಷದವನು. ದೋಷವಿಲ್ಲವೆಂದು ಮೊದಲ ಸಲ ಹೇಳಿದ ಬಾಯಿಂದಲೇ ತೆಗೆಯುವುದು ಯುಕ್ತವೆಂದು ಎರಡನೆಯ ಸಲ ಹೇಳಿದನು. ಇತ್ತ ರಾಧಾಕಾಂತ ದೇವನನ್ನು ವಿದ್ಯಾದ್ವೇಷಿಯೆಂದು ಯಾರೂ ಹೇಳಲಾರರು. ಶಬ್ದಕಲ್ಪದ್ರುಮವೆಂಬ ಮಹಾಕೋಶದ ಕರ್ತೃ ಆತನು. ಸ್ತ್ರೀವಿದ್ಯಾಭ್ಯಾಸಕ್ಕೆ ಬೆಂಬಲವಾಗಿ ನಿಂತವನು. ರಾಮಕಮಲ ಸೇನನೂ ಕೋಶಕಾರನೇ. ಆದಕಾರಣ ಈ ವಿವಾದವನ್ನು ಜ್ಞಾನಿಗಳಿಗೂ ಅಜ್ಞಾನಿಗಳಿಗೂ ನಡೆದ ಕಲಹವೆಂದು ವರ್ಣಿಸುವುದು ಚರಿತ್ರೆಗೆ ಒಪ್ಪುವುದಿಲ್ಲ. ಎರಡು ಪಕ್ಷಗಳಲ್ಲಿಯೂ ವಿದ್ವಾಂಸರೇ ಇದ್ದರು.

೫

ಡಿರೋಜಿಯೊ ಏಪ್ರಿಲ್ ೨೫ರಂದು ರಾಜೀನಾಮೆಯನ್ನು ಕಳುಹಿಸಿದನು. ಅದು ವಿನಯದ ಪತ್ರವಲ್ಲ, ಸಂಗತಿಗಳ ಪಟ್ಟಿ. ತನ್ನ ಮೇಲೆ ಯಾವ ಆರೋಪವನ್ನೂ ಹೊರಿಸಿಲ್ಲ. ಹೊರಿಸಿದ್ದರೆ ತನಗೆ ತಿಳಿಸಿಲ್ಲ. ಆರೋಪಿಸಿದವರ ಎದುರಿಗೆ ತನ್ನನ್ನು ಕರೆಯಲಿಲ್ಲ. ಯಾವ ಪಕ್ಷದ ಸಾಕ್ಷಿಯನ್ನೂ ಕೇಳಲಿಲ್ಲ. ತನ್ನ ನಡತೆಯನ್ನು ಪರೀಕ್ಷಿಸುತ್ತಿರುವಾಗ ಸಮಾಧಾನ ಹೇಳುವ ಅವಕಾಶವನ್ನು ಕೊಡಲಿಲ್ಲ. ಅನರ್ಹನೆಂದು ಬಹುಮತವು ಹೇಳದಿದ್ದರೂ ತನ್ನನ್ನು ತೆಗೆಯಲು ನಿಶ್ಚಯಿಸಲಾಯಿತು. ಇವು ಆತನು ಎಣಿಸಿ ತೋರಿಸಿದ ನ್ಯೂನತೆಗಳು. ಯಾವುದನ್ನೂ ಸುಳ್ಳೆನ್ನಲು ನಡವಳಿಯಲ್ಲಿ ಎಡೆಯಿಲ್ಲ.

ವಿಲ್ಸನನು ತೀರ್ಪಾದ ಬಳಿಕ ಆತನಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದನು. ದೇವರಲ್ಲಿ ನಂಬಿಕೆಯುಂಟೆ? ತಾಯಿತಂದೆಗಳಲ್ಲಿ ಗೌರವವೂ ವಿಧೇಯತೆಯೂ ಧರ್ಮವಲ್ಲವೆಂದು ಭಾವಿಸುವೆಯಾ? ಸೋದರ ಸೋದರಿಯರ ವಿವಾಹವು ನಿರ್ದೋಷವೆಂದು ಹೇಳುವೆಯಾ? ತೀರ್ಪು ಮುಂದಾಗಿ ಪ್ರಶ್ನೆ ಹಿಂದಾದುದನ್ನು ವಾಚಕರು ಗಮನಿಸಬೇಕು.

ಮರುದಿನ ಬರೆದ ಉತ್ತರದಲ್ಲಿ ಡಿರೋಜಿಯೊ ಮೂರನೆಯ ಪ್ರಶ್ನೆಯನ್ನು ಹಾಳುಹರಟೆಯ ಫಲವೆಂದು ತಳ್ಳಿಹಾಕಿದನು. ಎರಡನೆಯದಕ್ಕೆ ನಿದರ್ಶನಗಳನ್ನು ಕೊಟ್ಟನು: ದಕ್ಷಿಣಾರಂಜನ ಮುಖೋಪಾಧ್ಯಾಯನೆಂಬ ಶಿಷ್ಯನು ತಂದೆಯ ಕಾಟವನ್ನು ತಾಳಲಾರದೆ ಮನೆ ಬಿಡುವೆನೆಂದಾಗ, ತಂದೆಯಿಂದಾದುದನ್ನು ಬಹಳಮಟ್ಟಿಗೆ ಸಹಿಸಬೇಕೆಂದು ಹೇಳಿ ತಾನು ತಡೆದುದಾಗಿಯೂ, ಆ ಮಾತು ಕೆಲವು ಕಾಲ ಮಾತ್ರ ನಿಂತಿತೆಂದೂ ತಿಳಿಸಿದನು. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರವೇ ಇಡೀ ಪ್ರಕರಣದ ಕೇಂದ್ರವಾಗಿದೆ. ತಾನು ದೇವರಿಲ್ಲವೆಂದು ಯಾರ ಮುಂದೆಯೂ ಹೇಳಿದವನಲ್ಲ. ಆದರೆ ಇಂತಹ ವಿಷಯದಲ್ಲಿ ಮಾತನ್ನೇ ಆಡಬಾರದೆಂದರೆ ತಾನು ಅಪರಾಧಿ. ತತ್ತ್ವಜ್ಞಾನಿಗಳ ಸಂದೇಹಗಳನ್ನು ಹೇಳಿದುದು ನಿಜ. ಅವುಗಳ ಪರಿಹಾರವನ್ನು ಹೇಳಿದುದೂ ನಿಜ. ಹ್ಯೂಮನ ಸಂವಾದವನ್ನು ಓದಿಸಿದ ಹಾಗೆಯೇ ಹ್ಯೂಮನಿಗೆ ರೀಡನೂ ಸ್ಟೂವರ್ಟನೂ ಕೊಟ್ಟ ಪ್ರತ್ಯುತ್ತರವನ್ನೂ ಓದಿಸಿದೆನು. ಗಹನವಾದ ಪ್ರಶ್ನೆಗಳ ಒಂದು ಮುಖವನ್ನು ಮಾತ್ರ ತೋರಿಸಿ ಬಾಲಕರನ್ನು ಹಟವಾದಿಗಳನ್ನಾಗಿ ಮಾಡುವುದು ತನ್ನ ಕರ್ತವ್ಯವಾಗಿತ್ತೆ? ಕೆಲವರು ನಾಸ್ತಿಕರಾದ ಅಪಕೀರ್ತಿ ತನಗೆ ಸಲ್ಲುವುದಾದರೆ, ಉಳಿದವರು ಆಸ್ತಿಕರಾದ ಕೀರ್ತಿಯೂ ತನಗೇ ಸಲ್ಲಬೇಕು. ಇದು ಆತನ ವಾದದ ಸಾರ.

೬

ಈ ವಾದವು ನಮ್ಮ ಶಾಸ್ತ್ರಪದ್ಧತಿಗೆ ಅಪರಿಚಿತವಾದುದಲ್ಲ. ಪೂರ್ವಪಕ್ಷವನ್ನು ಪ್ರತಿಪಕ್ಷಿಯು ಒಪ್ಪುವಷ್ಟು ಬಲವಾಗಿ ನಿರೂಪಿಸಿದ ಹೊರತು ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲವೆಂಬುದು ಭಾಷ್ಯಕಾರರ ಮರ್ಯಾದೆ. ಶಬ್ದಕಲ್ಪದ್ರುಮವನ್ನು ಕಟ್ಟಿದವನಿಗೂ ಸಂಸ್ಕೃತಪಂಡಿತನಾದ ವಿಲ್ಸನನಿಗೂ ಇದು ತಿಳಿಯದುದಲ್ಲ. ಆದರೂ ಎರಡು ಪದ್ಧತಿಗಳಿಗೆ ಒಂದು ಭೇದವುಂಟು. ಶಾಸ್ತ್ರದಲ್ಲಿ ಸಿದ್ಧಾಂತವನ್ನು ಗುರುವೇ ಮುಟ್ಟಿಸುತ್ತಾನೆ. ಶಿಷ್ಯನು ಸಂದೇಹವನ್ನು ದಾಟುವುದು ಗುರುವಿನ ಕೈಹಿಡಿದು. ಡಿರೋಜಿಯೊ ಎರಡು ಪಕ್ಷಗಳನ್ನೂ ಮುಂದಿರಿಸಿ, ಸಿದ್ಧಾಂತದ ಹೊರೆಯನ್ನು ಶಿಷ್ಯನ ಹೆಗಲಿಗೆ ಬಿಟ್ಟನು. ಆ ಹೆಗಲು ಹದಿನಾರು ಹದಿನೇಳು ವರ್ಷದ್ದು. ಗೃಹಸ್ಥರ ಭಯಕ್ಕೆ ವಿವೇಕದ ಆಧಾರವೇನಾದರೂ ಇದ್ದರೆ ಅದು ಇಲ್ಲಿದೆ. ೧೮೩೧ರ ಆಗಸ್ಟಿನಲ್ಲಿ ಕೃಷ್ಣಮೋಹನ ಬಂದ್ಯೋಪಾಧ್ಯಾಯನು ಮನೆಯಲ್ಲಿಲ್ಲದಾಗ ಆತನ ಗೆಳೆಯರು ಗೋಮಾಂಸವನ್ನು ತಿಂದು ಮಿಕ್ಕುದನ್ನು ನೆರೆಮನೆಗೆ ಎಸೆದುದೂ, ಅದರಿಂದ ಆತನು ಮನೆಯಿಂದ ಹೊರಬೀಳಬೇಕಾದುದೂ ನಡೆದ ಸಂಗತಿ. ಅದು ವಿಮರ್ಶಬುದ್ಧಿಯ ಕಾರ್ಯವಲ್ಲ, ಹುಡುಗರ ಉದ್ಧಟತನ; ಆದರೆ ನೆರೆಮನೆಯವರಿಗೆ ಈ ಭೇದವನ್ನು ಒಪ್ಪಿಸುವುದು ಕಷ್ಟ.

ಹೀಗಿದ್ದರೂ ಬಹುಕಾಲದ ಪರಿಣಾಮವನ್ನು ನೋಡಿದರೆ ಡಿರೋಜಿಯೊವಿನ ಮಾತೇ ನಿಲ್ಲುತ್ತದೆ. ಆತನು ಒಂದು ಮತವನ್ನು ಬಿತ್ತಿದ್ದರೆ ಫಲವೂ ಒಂದೇ ಬಗೆಯದಾಗಬೇಕಾಗಿತ್ತು. ಕೃಷ್ಣಮೋಹನನು ೧೮೩೨ರಲ್ಲಿ ಕ್ರೈಸ್ತನಾಗಿ ಪಾದ್ರಿಯೂ ಸಂಸ್ಕೃತ ವಿದ್ವಾಂಸನೂ ಆದನು. ಶಿವಚಂದ್ರ ದೇವನು ಬ್ರಾಹ್ಮಸಮಾಜವನ್ನು ಸೇರಿದನು. ರಾಮತನು ಲಾಹಿರಿ ಸಾತ್ವಿಕ ಉಪಾಧ್ಯಾಯನೆಂದು ಹೆಸರಾದನು. ಆತನ ಬಾಳನ್ನು ನೆಪವಾಗಿ ಹಿಡಿದು ಶಿವನಾಥ ಶಾಸ್ತ್ರಿಗಳು ಒಂದು ಯುಗದ ಚರಿತ್ರೆಯನ್ನೇ ಬರೆದರು. ರಾಧಾನಾಥ ಸಿಕದಾರನು ಭೂಮಾಪನ ಇಲಾಖೆಯನ್ನು ಸೇರಿ, ಮುಂದೆ ಎವರೆಸ್ಟ್ ಎಂದು ಹೆಸರು ಪಡೆದ ಶಿಖರದ ಎತ್ತರದ ಗಣನೆಯಲ್ಲಿ ಮುಖ್ಯನಾದನು. ಪ್ಯಾರೀಚಾಂದ ಮಿತ್ರನು ಆಡುಮಾತಿಗೆ ಸಮೀಪವಾದ ಗದ್ಯದಲ್ಲಿ ಬಂಗಾಳಿಯ ಮೊದಮೊದಲ ಕಾದಂಬರಿಗಳಲ್ಲೊಂದನ್ನು ಬರೆದನು. ರಾಮಗೋಪಾಲ ಘೋಷನು ವರ್ತಕನೂ ವಾಗ್ಮಿಯೂ ಆದನು. ಹಿಡಿದ ದಾರಿಗಳು ಬೇರೆ ಬೇರೆ. ದಾರಿಯನ್ನು ತಾವೇ ಆರಿಸಿಕೊಂಡರೆಂಬುದು ಎಲ್ಲರಿಗೂ ಸಮಾನ. ಒಬ್ಬ ಉಪಾಧ್ಯಾಯನು ತೀರ್ಮಾನಗಳನ್ನು ಕಲಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆದರೆ ಈ ಸಾಕ್ಷ್ಯ ಒದಗಲು ಮೂವತ್ತು ವರ್ಷಗಳು ಬೇಕಾದುವು. ಸಂಚಾಲಕರಿಗೆ ಒಂದು ದಿನದಲ್ಲಿ ತೀರ್ಮಾನಿಸಬೇಕಾಗಿತ್ತು. ಡಿರೋಜಿಯೊ ಅದನ್ನು ನೋಡಲಿಲ್ಲ. ಆತನು ಈಸ್ಟ್ ಇಂಡಿಯನ್ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದು, ಆ ವರ್ಷದ ಡಿಸೆಂಬರ್ ೨೬ರಂದು, ತನ್ನ ೨೨ನೆಯ ವಯಸ್ಸಿನಲ್ಲಿ, ವಾಂತಿಭೇದಿಯಿಂದ ತೀರಿಕೊಂಡನು.

೭

ಹಾಗಾದರೆ ಸಂಚಾಲಕರ ತಪ್ಪು ಯಾವುದು? ತಾಯಿತಂದೆಗಳ ಮಾತಿಗೆ ಕಿವಿಗೊಟ್ಟುದು ತಪ್ಪೆಂದು ನಮಗೆ ತೋರುವುದಿಲ್ಲ. ಮಕ್ಕಳನ್ನು ಕಳುಹಿಸುವವರ ವಿಶ್ವಾಸವಿಲ್ಲದೆ ಯಾವ ಪಾಠಶಾಲೆಯೂ ಬದುಕಲಾರದು. ೧೮೫ ಬಾಲಕರ ಖಾಲಿ ಸ್ಥಾನಗಳು ಅಲಕ್ಷ್ಯ ಮಾಡತಕ್ಕವಲ್ಲ. ತಪ್ಪಿರುವುದು ಬೇರೆ ಕಡೆ. ಡಿರೋಜಿಯೊವಿನ ಪಾಠದ ಗುಣದೋಷವನ್ನು ತಿಳಿಯಲು ಒಬ್ಬ ವಿದ್ಯಾರ್ಥಿಯನ್ನಾದರೂ ಕರೆದು ಕೇಳಬಹುದಾಗಿತ್ತು. ಒಂದು ದಿನ ತರಗತಿಯಲ್ಲಿ ಕುಳಿತು ನೋಡಬಹುದಾಗಿತ್ತು. ಉಪಾಧ್ಯಾಯನ ಸಮಾಧಾನವನ್ನು ತೀರ್ಪಿಗೆ ಮೊದಲು ಪಡೆಯಬಹುದಾಗಿತ್ತು. ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸುವುದು, ಎರಡು ಪಕ್ಷಗಳನ್ನೂ ಆಲಿಸುವುದು, ಸಾಕ್ಷ್ಯವಿಲ್ಲದೆಡೆಯಲ್ಲಿ ನಿರ್ಣಯವನ್ನು ತಡೆಹಿಡಿಯುವುದು, ಇವೇ ವಿಮರ್ಶಬುದ್ಧಿಯ ಅಂಗಗಳು. ಮೊದಲ ಪ್ರಶ್ನೆಯಲ್ಲಿ ಸಭೆಯು ಇವುಗಳನ್ನು ಪಾಲಿಸಿತು. ಎರಡನೆಯ ಪ್ರಶ್ನೆಯಲ್ಲಿ ಅವುಗಳನ್ನು ಕೈಬಿಟ್ಟಿತು. ವಿಚಾರವನ್ನು ಕಲಿಸಬಹುದೇ ಎಂಬ ವಿವಾದದಲ್ಲಿ ವಿಚಾರಣೆಯೇ ನಡೆಯಲಿಲ್ಲ.

ವಿಲ್ಸನನ ಮೌನವೂ ದೋಷಮುಕ್ತವಲ್ಲ. ಆತನು ಸರಕಾರದ ಪ್ರತಿನಿಧಿ. ಸಾರ್ವಜನಿಕ ದ್ರವ್ಯದ ಪರವಾಗಿ ಆ ಪೀಠದಲ್ಲಿ ಕುಳಿತವನು. ಜನರ ಮನೋಭಾವದ ಪ್ರಶ್ನೆ ತನ್ನದಲ್ಲವೆಂದು ಆತನು ಸರಿದಾಗ, ಉಪಾಧ್ಯಾಯನ ಯೋಗ್ಯತೆಯನ್ನು ರಕ್ಷಿಸುವ ಹೊಣೆ ಯಾರಿಗೂ ಸೇರದೆ ಹೋಯಿತು. ನಿಷ್ಪಕ್ಷಪಾತವೆಂಬುದು ಎಷ್ಟೋ ವೇಳೆ ಬಲವುಳ್ಳ ಪಕ್ಷಕ್ಕೆ ಕೊಡುವ ಮತವಾಗಿ ಪರಿಣಮಿಸುತ್ತದೆ.

೧೮೫೫ರಲ್ಲಿ ಹಿಂದೂ ಕಾಲೇಜು ಸರಕಾರದ ಪ್ರೆಸಿಡೆನ್ಸಿ ಕಾಲೇಜಾಯಿತು. ಇಬ್ಬರು ಒಡೆಯರ ತೊಡಕು ಅಲ್ಲಿಗೆ ತೀರಿದಂತೆ ಕಂಡರೂ ಪ್ರಶ್ನೆ ತೀರಲಿಲ್ಲ. ೧೯೭೬ರ ೪೨ನೆಯ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸುವುದು ಭಾರತದ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದಲ್ಲಿ ಸೇರಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯೂ ವಿಮರ್ಶಾತ್ಮಕ ಚಿಂತನವನ್ನು ಶಿಕ್ಷಣದ ಗುರಿಗಳಲ್ಲಿ ಎಣಿಸುತ್ತದೆ. ಅಕ್ಷರದಲ್ಲಿ ಡಿರೋಜಿಯೊವಿನ ಪಕ್ಷವೇ ಗೆದ್ದಿದೆಯೆನ್ನಬಹುದು. ಆದರೆ ಟೆಕ್ಸಾಸಿನ ಧ್ಯೇಯಪತ್ರವು ತೋರಿಸುವಂತೆ, ಗುರಿಯನ್ನು ಬರೆದಿಟ್ಟ ಮಾತ್ರಕ್ಕೆ ಮನೆಯವರ ಅಂಜಿಕೆ ಹೋಗುವುದಿಲ್ಲ. ಒಬ್ಬ ಬಾಲಕನು ಶಾಲೆಯಿಂದ ಮನೆಗೆ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದ ಸಂಜೆ, ಆ ಅಂಜಿಕೆ ಮತ್ತೆ ಹುಟ್ಟುತ್ತದೆ. ಆಗ ದೂರು ಬರುತ್ತದೆ, ಸಭೆ ಸೇರುತ್ತದೆ. ಆ ಸಭೆಯಲ್ಲಿ ಕುಳಿತುಕೊಳ್ಳುವವರು ನಮ್ಮಂತಹ ಅಧ್ಯಾಪಕರೂ ವಿದ್ವಾಂಸರೂ ಗೃಹಸ್ಥರೂ ಆಗಿರುತ್ತಾರೆ. ದೂರಿಗೆ ಗುರಿಯಾದವನನ್ನು ಮೊದಲು ಕರೆದು ಕೇಳಬೇಕೆಂಬ ಒಂದು ನಿಯಮವನ್ನಾದರೂ ಅವರು ಪಾಲಿಸಿದರೆ, ೧೮೩೧ರ ಏಪ್ರಿಲ್ ೨೩ರ ನಡವಳಿಯನ್ನು ಓದಿದುದು ಸಾರ್ಥಕವಾದೀತು.